ಬೇಳೆ ಬೇಗ ಬೇಯೋ ನೀರು: ಪಾವಗಡ ಸೀಮೆಯ ಒಂದು ಬೋರ್‌ವೆಲ್ ಕೇಸು

ನಮ್ಮಜ್ಜಿ ಲೆಕ್ಕದಲ್ಲಿ ನೀರಿಗೆ ಮೂರೇ ಪರೀಕ್ಷೆ. ತೊಗರಿಬೇಳೆ ಬೇಗ ಬೇಯ್ಬೇಕು, ಸೋಪು ಹಚ್ಚಿದ್ರೆ ನೊರೆ ಏಳ್ಬೇಕು, ಬಾಯಿಗೆ ಹಾಕಿದ್ರೆ ಚೌಳು ಅನ್ನಿಸ್ಬಾರ್ದು. 2008ರಲ್ಲಿ ಮನೆ ಹಿಂದಿನ ಹೊಲದಲ್ಲಿ ಕೊರೆಸಿದ ಬೋರು ಮೂರರಲ್ಲೂ ಫಸ್ಟ್ ಕ್ಲಾಸಲ್ಲಿ ಪಾಸಾಯ್ತು, ಅದಕ್ಕಿಂತ ಮುಂಚೆ ಎರಡು ತಲೆಮಾರು ಕುಡಿದಿದ್ದ ಹಿತ್ತಲ ಸೇದೋಬಾವಿ ಮೂರರಲ್ಲೂ ಫೇಲು. ಹನ್ನೆರಡು ವರ್ಷ ಆದ್ಮೇಲೆ ಎರಡೂ ನೀರನ್ನ ಪೂರ್ತಿ ಟೆಸ್ಟ್ ಮಾಡಿಸಿದಾಗ ಬೋರಲ್ಲಿ ಫ್ಲೋರೈಡು ಲೀಟರಿಗೆ 4.1 ಮಿಲಿಗ್ರಾಂ, ಬಾವೀಲಿ 0.9. ಕುಡಿಯೋ ನೀರಿಗೆ ನಮ್ಮ ದೇಶದ ಮಾನದಂಡ, ಐಎಸ್ 10500 ಅಂತಾರಲ್ಲ ಅದು, ಹೇಳೋದು 1.0 ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 1.5ರ ತನಕ ಅಡ್ಜಸ್ಟ್ ಮಾಡ್ಕೋಬಹುದು, ಅಷ್ಟೇ. ಇದರಲ್ಲಿ ನನಗೆ ತುಂಬ ದಿನ ನಿದ್ದೆ ಕೆಡಿಸಿದ್ದು ಏನಂದ್ರೆ ಬೇಳೆ ಬೇಗ ಬೇಯೋದಕ್ಕೂ ಫ್ಲೋರೈಡ್ ಏರೋದಕ್ಕೂ ನೆಲದಡಿ ನಡೆದಿರೋ ಕೆಲಸ ಒಂದೇ. ಅಜ್ಜಿ ಯಾವುದನ್ನ ನೋಡಿ ಒಳ್ಳೇ ನೀರು ಅಂದ್ಲೋ ಅದೇ ಗುಣ ಫ್ಲೋರೈಡಿಗೆ ಬಾಗಿಲು ತೆಗೆದಿತ್ತು.

ಊರು ಪಾವಗಡ ತಾಲ್ಲೂಕು, ಆಂಧ್ರದ ಗಡಿಗೆ ಅಂಟ್ಕೊಂಡಿರೋದು. ಹೆಸರು ಹಾಕಲ್ಲ, ಊರಲ್ಲಿ ಮದುವೆ ವಯಸ್ಸಿನ ಹೆಣ್ಣುಮಕ್ಕಳಿದಾರೆ, ಹಲ್ಲಿನ ಮಾತು ಆಚೆ ಹೋದ್ರೆ ಸಂಬಂಧ ತಪ್ಪುತ್ತೆ. ನಾನು ಓದಿದ್ದು ಎಂಎಸ್ಸಿ ಜಿಯಾಲಜಿ, ಕೆಲಸ ಮಾತ್ರ ಬೆಂಗಳೂರಲ್ಲಿ ಬ್ಯಾಂಕಲ್ಲಿ, ಓದಿದ್ದು ಉಪಯೋಗಕ್ಕೆ ಬಂದಿದ್ದು ಇದೊಂದೇ ಸಲ ಅಂತ ಅಣ್ಣ ಈಗ್ಲೂ ಆಡ್ಕೋತಾನೆ.

ಮೊದಲು ಬಾವಿ ವಿಷಯ. 42 ಅಡಿ ಆಳ, ಮೇಲೆ ಕೆಮ್ಮಣ್ಣು, ಆಮೇಲೆ ಗರಸು, ಕೆಳಗೆ ಅರ್ಧ ಕೊಳೆತು ಪುಡಿಪುಡಿ ಆಗಿರೋ ಗ್ರಾನೈಟು, ತಳದಲ್ಲಿ ಗಟ್ಟಿ ಬಂಡೆ. 2001ರಿಂದ ಮೂರು ನಾಲ್ಕು ವರ್ಷ ರಾಜ್ಯಕ್ಕೆಲ್ಲ ಬರ ಬಿತ್ತಲ್ಲ, ಆಗ ಅದು ಒಣಗಿ ತಳದಲ್ಲಿ ಹುಡುಗರು ಇಳಿದು ಆಟ ಆಡೋ ಹಾಗಾಯ್ತು. ಆಮೇಲೆ ನೀರು ಬರೋದು ಹೋಗೋದು ಮಾಡ್ತಾ ಇತ್ತು, ನಂಬಿಕೆ ಹೋಯ್ತು. ಕೊನೆಗೆ ಅಪ್ಪ ಸಾಲ ಮಾಡಿ ಬೋರು ಕೊರೆಸಿದ್ರು. ತಿರುಚೆಂಗೋಡಿನ ಗಾಡಿ, ತೆಂಗಿನಕಾಯಿ ಅಂಗೈ ಮೇಲೆ ಇಟ್ಕೊಂಡು ಪಾಯಿಂಟ್ ಮಾಡೋರು ಒಬ್ರು ಬಂದಿದ್ರು, ಮೊದಲ ಎರಡು ಪಾಯಿಂಟು ಬರೀ ಧೂಳು. ಮೂರನೇದರಲ್ಲಿ ರಾತ್ರಿ ಎರಡು ಗಂಟೆಗೆ 610 ಅಡಿ ದಾಟಿದ ಮೇಲೆ ಬೂದಿ ಬಣ್ಣದ ಧೂಳಿನ ಜೊತೆ ಬಿಳೀ ಚೂರು ಬರೋಕೆ ಶುರುವಾಯ್ತು, ಹಿಂದೇನೇ ನೀರು ಚಿಮ್ತು, 640ಕ್ಕೆ ನಿಲ್ಲಿಸಿದ್ರು. ಎರಡಿಂಚು ನೀರು. ಅಮ್ಮ ಆ ಹೊತ್ತಲ್ಲೇ ಅರಿಶಿನ ಕುಂಕುಮ ತಂದು ಗಂಗಮ್ಮನಿಗೆ ಪೂಜೆ ಮಾಡಿದ್ಲು. ಆ ಬಿಳೀ ಚೂರಲ್ಲಿ ನಾಲ್ಕೈದನ್ನ ನಾನು ಚಂದ ಕಾಣ್ತು ಅಂತ ಬೆಂಕಿಪೊಟ್ಟಣದಲ್ಲಿ ಎತ್ತಿಟ್ಟಿದ್ದೆ, ಅದು ಮುಂದೆ ಕೆಲಸಕ್ಕೆ ಬಂತು.

ಸಮಸ್ಯೆ ಗೊತ್ತಾಗಿದ್ದು ನೀರಿಂದ ಅಲ್ಲ, ಹಲ್ಲಿಂದ. ಅಣ್ಣನ ಮಗಳು 2012ರಲ್ಲಿ ಹುಟ್ಟಿದವಳು, 2019ರಲ್ಲಿ ಹಾಲುಹಲ್ಲು ಬಿದ್ದು ಮುಂದಿನ ಹಲ್ಲು ಬಂದಾಗ ಅದರ ಮೇಲೆ ಅಡ್ಡಡ್ಡ ಕಂದು ಪಟ್ಟೆ, ಸೀಮೆಸುಣ್ಣ ಬಳಿದ ಹಾಗೆ ಮಂಕು ಬಿಳುಪು. ಅತ್ತಿಗೆ ಬ್ರಷ್ ಸರಿಯಾಗಿ ಉಜ್ಜಲ್ಲ ಅಂತ ಆ ಮಗೂನ ಬೈದಿದ್ದೇ ಬೈದಿದ್ದು, ಇದ್ದಿಲು ಪುಡಿ ಉಪ್ಪು ಎಲ್ಲ ಹಾಕಿ ತಿಕ್ಕಿಸಿದಾಳೆ ಪಾಪ. ದೀಪಾವಳಿಗೆ ಹೋದಾಗ ನಾನು ಮನೇಲಿ ಎಲ್ಲರಿಗೂ ಬಾಯಿ ತೆಗೆಸಿ ನೋಡಿದೆ. ಅಜ್ಜಿಗೆ ಆಗ ಎಂಬತ್ತರ ಹತ್ರ, ಉಳಿದಿರೋ ಹಲ್ಲೆಲ್ಲ ಎಲೆಅಡಿಕೆ ಕೆಂಪು ಬಿಟ್ರೆ ಗಟ್ಟಿಮುಟ್ಟು. ಅಪ್ಪ, ಅಮ್ಮ, ಅಣ್ಣ, ನಾನು, ಯಾರಿಗೂ ಪಟ್ಟೆ ಇಲ್ಲ. ಪಟ್ಟೆ ಇರೋದು ಬೋರು ಬಂದ್ಮೇಲೆ ಹುಟ್ಟಿದವಳಿಗೆ ಮಾತ್ರ. ಪಕ್ಕದ ಬೀದೀಲಿ ಇನ್ನೂ ಮೂರು ಮನೆ ನೋಡ್ದೆ, ಅಲ್ಲೂ ಇದೇ ಕಥೆ. ಹಲ್ಲಿನ ಮೇಲಿನ ಎನಾಮಲ್ ತಯಾರಾಗೋದು ದವಡೆ ಒಳಗೆ, ಹೆಚ್ಚುಕಮ್ಮಿ ಎಂಟು ವರ್ಷದೊಳಗೆ. ಆ ವಯಸ್ಸಲ್ಲಿ ಕುಡಿದ ನೀರು ಅದರ ಮೇಲೆ ಬರೆದುಕೊಂಡು ಬಿಡುತ್ತೆ, ಆಮೇಲೆ ಎಷ್ಟು ಫ್ಲೋರೈಡ್ ಕುಡಿದ್ರೂ ಹಲ್ಲಿನ ಮೇಲೆ ಹೊಸ ಪಟ್ಟೆ ಬರಲ್ಲ, ಏನಿದ್ರೂ ಮೂಳೆಗೆ ಹೋಗುತ್ತೆ. ಅಂದ್ರೆ ನಮ್ಮನೆಯವರ ಹಲ್ಲು ನೀರು ಬದಲಾದ ವರ್ಷಾನ ಲ್ಯಾಬಿಗಿಂತ ಮೊದಲೇ ಹೇಳ್ತಾ ಇತ್ತು. ಅಪ್ಪನ ಮಂಡಿ ನೋವು, ಬೆಳಿಗ್ಗೆ ಎದ್ದಾಗ ಸೊಂಟ ಹಿಡ್ಕೊಳ್ಳೋದು ಇದೆಲ್ಲ ಇದರಿಂದಾನೇ ಅಂತ ನಾನು ಹೇಳಲ್ಲ, ಅರವತ್ತು ದಾಟಿದ ರೈತನಿಗೆ ಮಂಡಿ ನೋವಿಗೆ ನೂರು ಕಾರಣ ಇರುತ್ತೆ.

ತಮಾಷೆ ಏನಂದ್ರೆ ಬೋರ್ ನೀರು ಅದಕ್ಕೂ ಮುಂಚೆ ಒಂದು ಸಲ ಟೆಸ್ಟ್ ಆಗಿತ್ತು. ಯಾವುದೋ ಖಾಸಗಿ ಲ್ಯಾಬು, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನೋ ಅಳತೆ), ಟಿಡಿಎಸ್, ಗಡಸುತನ ಮೂರೇ ನೋಡಿ "ಕುಡಿಯಲು ಯೋಗ್ಯ" ಅಂತ ಸೀಲ್ ಹೊಡೆದು ಕೊಟ್ಟಿತ್ತು, ಅಪ್ಪ ಅದನ್ನ ದೇವರ ಮನೆ ಕ್ಯಾಲೆಂಡರ್ ಹಿಂದೆ ಜೋಪಾನವಾಗಿ ಇಟ್ಟಿದ್ರು. ಆಮೇಲೆ ವಾಟರ್ ಫಿಲ್ಟರ್ ಮಾರೋಕೆ ಬಂದ ಹುಡುಗ ಪೆನ್ನಿನ ಥರದ ಟಿಡಿಎಸ್ ಮೀಟರ್ ಅದ್ದಿ ಬಾವಿ ನೀರು 700 ಚಿಲ್ಲರೆ, ಬೋರ್ ನೀರು 620 ಚಿಲ್ಲರೆ ಅಂತ ತೋರಿಸಿ, ಬೋರೇ ವಾಸಿ ಬಿಡಿ ಸಾರ್ ಅಂದನಂತೆ. ಬೇಳೆ, ಸೋಪು, ನಾಲಿಗೆ ಜೊತೆ ಮೀಟರೂ ಅದೇ ಕಡೆ ಓಟು ಹಾಕಿತ್ತು. ಟಿಡಿಎಸ್ ಅಂದ್ರೆ ಕರಗಿರೋ ಎಲ್ಲದರ ಒಟ್ಟು ತೂಕ ಅಷ್ಟೇ, ಮೂಟೆ ಎಷ್ಟು ಭಾರ ಅಂತ ಹೇಳುತ್ತೆ, ಒಳಗೆ ರಾಗಿ ಇದೆಯೋ ಯೂರಿಯಾ ಇದೆಯೋ ಹೇಳಲ್ಲ. ಆರುನೂರು ಮಿಲಿಗ್ರಾಂ ಒಳಗೆ ನಾಲ್ಕು ಮಿಲಿಗ್ರಾಂ ಫ್ಲೋರೈಡ್ ಆ ಮೀಟರಿಗೆ ಯಾವ ಲೆಕ್ಕ.

2020ರ ಜನವರೀಲಿ, ಹಿಂಗಾರು ಮಳೆಗೆ ಬಾವೀಲಿ ಸ್ವಲ್ಪ ನೀರು ನಿಂತಿತ್ತು, ಎರಡೂ ಕಡೆಯಿಂದ ಸ್ಯಾಂಪಲ್ ತಗೊಂಡೆ. ಪ್ಲಾಸ್ಟಿಕ್ ಬಾಟಲಿ, ಫ್ಲೋರೈಡಿಗೆ ಗಾಜು ಬೇಡ ಅಂತಾರೆ. ಬೋರನ್ನ ಅರ್ಧ ಗಂಟೆ ಓಡಿಸಿ ಪೈಪಲ್ಲಿ ನಿಂತಿದ್ದ ನೀರು ಹೋದ್ಮೇಲೆ ಹಿಡಿದೆ. ಈ ಸಲ ಎಲ್ಲ ಅಯಾನುಗಳೂ, ಅಂದ್ರೆ ನೀರಲ್ಲಿ ಕರಗಿರೋ ಚಾರ್ಜ್ ಇರೋ ಕಣಗಳೆಲ್ಲ, ಬೇಕು ಅಂತ ಹಠ ಮಾಡಿ ಬರೆಸಿದೆ. ರಿಪೋರ್ಟು ಹೀಗಿತ್ತು, ಎಲ್ಲ ಲೀಟರಿಗೆ ಮಿಲಿಗ್ರಾಂ ಲೆಕ್ಕ. ಬಾವಿ: ಕ್ಯಾಲ್ಸಿಯಂ 104, ಮೆಗ್ನೀಷಿಯಂ 42, ಸೋಡಿಯಂ 90, ಬೈಕಾರ್ಬನೇಟ್ 360, ಕ್ಲೋರೈಡ್ 140, ಸಲ್ಫೇಟ್ 50, ನೈಟ್ರೇಟ್ 72, ಫ್ಲೋರೈಡ್ 0.9, ಪಿಎಚ್ 7.2. ಬೋರು: ಕ್ಯಾಲ್ಸಿಯಂ 16, ಮೆಗ್ನೀಷಿಯಂ 12, ಸೋಡಿಯಂ 210, ಬೈಕಾರ್ಬನೇಟ್ 440, ಕ್ಲೋರೈಡ್ 90, ಸಲ್ಫೇಟ್ 35, ನೈಟ್ರೇಟ್ 8, ಫ್ಲೋರೈಡ್ 4.1, ಪಿಎಚ್ 8.3. ಪೊಟ್ಯಾಸಿಯಂ ಎರಡರಲ್ಲೂ ಮೂರು ನಾಲ್ಕು, ಬಿಡಿ.

ಒಂದು ಸಲಹೆ, ರಿಪೋರ್ಟು ಕೈಗೆ ಬಂದ ತಕ್ಷಣ ನಂಬಬೇಡಿ, ಮೊದಲು ತಾಳೆ ನೋಡಿ. ನೀರಿಗೆ ಒಟ್ಟಾರೆ ವಿದ್ಯುತ್ ಚಾರ್ಜ್ ಇರಲ್ಲ, ಹಾಗಾಗಿ ಪ್ಲಸ್ ಅಯಾನುಗಳ ಮೊತ್ತ ಮೈನಸ್ ಅಯಾನುಗಳ ಮೊತ್ತಕ್ಕೆ ಸಮ ಬರ್ಲೇಬೇಕು. ಕ್ಯಾಲ್ಸಿಯಮನ್ನ 20ರಿಂದ, ಮೆಗ್ನೀಷಿಯಮನ್ನ 12.15ರಿಂದ, ಸೋಡಿಯಮನ್ನ 23ರಿಂದ, ಪೊಟ್ಯಾಸಿಯಮನ್ನ 39ರಿಂದ ಭಾಗಿಸಿ ಕೂಡಿ; ಆ ಕಡೆ ಬೈಕಾರ್ಬನೇಟನ್ನ 61, ಕ್ಲೋರೈಡನ್ನ 35.5, ಸಲ್ಫೇಟನ್ನ 48, ನೈಟ್ರೇಟನ್ನ 62, ಫ್ಲೋರೈಡನ್ನ 19ರಿಂದ ಭಾಗಿಸಿ ಕೂಡಿ. ನಮ್ಮ ಬೋರಿಗೆ ಈ ಕಡೆ 11.0, ಆ ಕಡೆ 10.8. ಬಾವಿಗೆ 12.7, 12.1. ವ್ಯತ್ಯಾಸ ಶೇಕಡಾ 5ರೊಳಗಿದ್ರೆ ಲ್ಯಾಬಿನವರು ನಿಜವಾಗ್ಲೂ ಟೆಸ್ಟ್ ಮಾಡಿದಾರೆ ಅಂತ ಅರ್ಥ, ಬ್ಯಾಂಕಲ್ಲಿ ಕ್ಲೋಸಿಂಗ್ ಬ್ಯಾಲೆನ್ಸ್ ತಾಳೆ ಆದ ಹಾಗೆ.

ಈಗ ಅದೇ ಊರು, ಅದೇ ಬಂಡೆ, ಮೇಲೆ ಬಿದ್ದಿದ್ದೂ ಅದೇ ಮಳೆ, ಆದ್ರೂ ಎರಡು ನೀರು ಇಷ್ಟು ಬೇರೆ ಯಾಕೆ ಅನ್ನೋದು ನೋಡೋಣ. ಮಳೆ ಹನಿ ಬೀಳುವಾಗ ಹೆಚ್ಚುಕಮ್ಮಿ ಖಾಲಿ ನೀರು. ಮಣ್ಣಿಗೆ ಇಳಿದ ಕೂಡ್ಲೆ ಅದಕ್ಕೆ ಕಾರ್ಬನ್ ಡೈಆಕ್ಸೈಡ್ ಸಿಗುತ್ತೆ, ಬೇರುಗಳೂ ಮಣ್ಣಿನ ಜೀವಿಗಳೂ ಉಸಿರಾಡಿ ಬಿಟ್ಟಿದ್ದು, ಹೊರಗಿನ ಗಾಳೀಗಿಂತ ಮಣ್ಣಿನೊಳಗೆ ಹತ್ತು ಪಟ್ಟು, ಎಷ್ಟೋ ಕಡೆ ನೂರು ಪಟ್ಟು ಜಾಸ್ತಿ ಇರುತ್ತೆ. ಅದು ಕರಗಿ ನೀರು ತೆಳು ಸೋಡಾ ಆಗುತ್ತೆ, ಅಂದ್ರೆ ದುರ್ಬಲ ಆಮ್ಲ. ಈ ಆಮ್ಲ ಗ್ರಾನೈಟಿನ ಹರಳುಗಳನ್ನ ನಿಧಾನಕ್ಕೆ ತಿನ್ನುತ್ತೆ. ನಮ್ಮ ಸೀಮೆ ಗ್ರಾನೈಟಲ್ಲಿ ದಪ್ಪದಪ್ಪ ಗುಲಾಬಿ ಹರಳು ಕಾಣುತ್ತಲ್ಲ ಅದು ಫೆಲ್ಡ್‌ಸ್ಪಾರ್, ಬಿಳೀ ಜಾತಿ ಫೆಲ್ಡ್‌ಸ್ಪಾರಲ್ಲಿ ಸೋಡಿಯಂ ಕ್ಯಾಲ್ಸಿಯಂ ಇರುತ್ತೆ. ಅದು ಕೊಳೆತು ಜೇಡಿಮಣ್ಣಾಗುತ್ತೆ, ಸೋಡಿಯಂ ಕ್ಯಾಲ್ಸಿಯಂ ನೀರಿಗೆ ಬರುತ್ತೆ, ಆಮ್ಲ ಖರ್ಚಾಗಿ ಬೈಕಾರ್ಬನೇಟ್ ಆಗಿ ಉಳಿಯುತ್ತೆ. ಬಾವಿ ಇರೋದು ಈ ಕೊಳೆತ ಪದರದಲ್ಲೇ. ಇಲ್ಲಿ ನೀರು ಹೊಸದು, ಮೇಲಿಂದ ಕಾರ್ಬನ್ ಡೈಆಕ್ಸೈಡ್ ಬರ್ತಾನೇ ಇರುತ್ತೆ, ಪಿಎಚ್ 7ರ ಆಸುಪಾಸು ನಿಲ್ಲುತ್ತೆ, ಕ್ಯಾಲ್ಸಿಯಂ ಆರಾಮಾಗಿ ಕರಗಿರುತ್ತೆ. ಜೊತೆಗೆ ನಮ್ಮ ಹೊಲದಲ್ಲಿ ಉಳುವಾಗ ಸಿಗೋ ಬಿಳೀ ಸುಣ್ಣಕಲ್ಲಿನ ಗಂಟುಗಳು, ಹಿಂದೆ ಅದನ್ನೇ ಸುಟ್ಟು ಸುಣ್ಣ ಮಾಡ್ತಿದ್ರು, ಅವೂ ಮಳೆಗಾಲದಲ್ಲಿ ಒಂಚೂರು ಕರಗಿ ಬಾವಿಗೆ ಇಳಿಯುತ್ತೆ. ಅದಕ್ಕೇ ಗಡಸು: ಲೆಕ್ಕ ಹಾಕಿದ್ರೆ 430ರ ಮೇಲೆ, 200 ದಾಟಿದ್ರೇ ಮಾನದಂಡದವರು ಮುಖ ಸಿಂಡರಿಸ್ತಾರೆ.

ಬೋರಿನ ನೀರಿನ ದಾರಿ ಬೇರೆ. ಗಟ್ಟಿ ಬಂಡೇಲಿ ನೀರು ಹೋಗೋದು ಬಿರುಕಲ್ಲಿ ಮಾತ್ರ, ಕೂದಲಷ್ಟು ಸಣ್ಣ ಬಿರುಕಿಂದ ಹಿಡಿದು ಬೆರಳು ತೂರೋ ಬಿರುಕಿನ ತನಕ. ವರ್ಷಕ್ಕೆ 500-600 ಮಿಲಿಮೀಟರ್ ಮಳೆ ಬೀಳೋ ನಾಡು, ಉತ್ತರ ಪಿನಾಕಿನಿ ಹರಿಯುತ್ತೆ ಅಂತ ಭೂಗೋಳದ ಪುಸ್ತಕ ಹೇಳುತ್ತೆ, ಹರಿಯೋದು ಒಳ್ಳೇ ಮಳೆ ಆದ ವರ್ಷ. ಬಿದ್ದ ಮಳೇಲಿ ಬಹುಪಾಲು ಬಿಸಿಲಿಗೆ ಆವಿ ಆಗಿ, ಗಿಡ ಕುಡಿದು, ಉಳಿದ ಚೂರು ಮಾತ್ರ ಕೆಳಗೆ ಇಳಿಯುತ್ತೆ, 600 ಅಡಿಗೆ ಹೋಗೋವಷ್ಟ್ರಲ್ಲಿ ಅದು ಮಣ್ಣಿನ ಸಂಬಂಧ ಕಡಿದುಕೊಂಡಿರುತ್ತೆ, ಹೊಸ ಕಾರ್ಬನ್ ಡೈಆಕ್ಸೈಡ್ ಸಿಗಲ್ಲ. ಇದ್ದ ಆಮ್ಲ ಎಲ್ಲ ಬಂಡೆ ತಿಂದೇ ಖಾಲಿ, ಪಿಎಚ್ ಏರ್ತಾ ಏರ್ತಾ 8 ದಾಟುತ್ತೆ. ಪಿಎಚ್ ಏರಿದ್ರೆ ಬೈಕಾರ್ಬನೇಟಲ್ಲಿ ಒಂದು ಪಾಲು ಕಾರ್ಬನೇಟ್ ಆಗುತ್ತೆ, ಅದಕ್ಕೂ ಕ್ಯಾಲ್ಸಿಯಮ್ಮಿಗೂ ಸೇರಿದ್ರೆ ಸುಣ್ಣಕಲ್ಲಾಗಿ ಬಿರುಕಿನ ಗೋಡೆಗೆ ಕೂರುತ್ತೆ. ಇಲ್ಲಿ ನನ್ನ ಬೆಂಕಿಪೊಟ್ಟಣ ನೆನಪಾಯ್ತು. ಅಟ್ಟದಿಂದ ಹುಡುಕಿ ತೆಗೆದು ಆ ಬಿಳೀ ಚೂರಿನ ಮೇಲೆ ಬಾತ್‌ರೂಮಿನ ಆಸಿಡ್ ಒಂದು ಹನಿ ಬಿಟ್ಟೆ, ಚುಸ್ ಅಂತ ನೊರೆ ಎದ್ದಿದ್ದೇ ಎದ್ದಿದ್ದು, ಅಣ್ಣನ ಮಗಳು ಇನ್ನೊಂದ್ಸಲ ಚಿಕ್ಕಪ್ಪ ಇನ್ನೊಂದ್ಸಲ ಅಂತ ನಾಲ್ಕೂ ಚೂರು ಮುಗಿಸಿದ್ಲು. ಬೆಣಚುಕಲ್ಲಾಗಿದ್ರೆ ಏನೂ ಆಗ್ತಿರ್ಲಿಲ್ಲ. ಅಂದ್ರೆ ನೀರು ಸಿಕ್ಕ ಬಿರುಕಿನ ಗೋಡೆ ತುಂಬ ಸುಣ್ಣಕಲ್ಲು ಕಟ್ಟಿತ್ತು, ನಮ್ಮ ನೀರಲ್ಲಿ ಕಾಣೆಯಾಗಿರೋ ಕ್ಯಾಲ್ಸಿಯಂ ಅಲ್ಲಿ ಕೂತಿತ್ತು.

ಕ್ಯಾಲ್ಸಿಯಂ ಕಳ್ಕೊಳ್ಳೋಕೆ ಇನ್ನೊಂದು ದಾರೀನೂ ಇದೆ. ಕೊಳೆತ ಬಂಡೆಯ ಜೇಡಿ ಕಣಗಳಿಗೆ ಮೈ ತುಂಬ ಮೈನಸ್ ಚಾರ್ಜು, ಅದಕ್ಕೆ ಸೋಡಿಯಂ ಅಂಟ್ಕೊಂಡಿರುತ್ತೆ, ಕ್ಯಾಲ್ಸಿಯಂ ಬಂದ್ರೆ ಅದನ್ನ ಹಿಡ್ಕೊಂಡು ಸೋಡಿಯಮನ್ನ ನೀರಿಗೆ ಬಿಡುತ್ತೆ. ಅಪಾರ್ಟ್‌ಮೆಂಟಲ್ಲಿ ವಾಟರ್ ಸಾಫ್ಟ್‌ನರ್ ಅಂತ ಲಕ್ಷ ಕೊಟ್ಟು ಹಾಕಿಸ್ತಾರಲ್ಲ, ಅದು ಮಾಡೋದೂ ಇಷ್ಟೇ, ಇಲ್ಲಿ ನೆಲ ಪುಕ್ಕಟೆ ಮಾಡುತ್ತೆ. ಸೋಡಿಯಂ 90 ಇದ್ದಿದ್ದು 210 ಆಗಿರೋದು ಈ ಅದಲುಬದಲು ಮತ್ತು ಫೆಲ್ಡ್‌ಸ್ಪಾರ್ ಕೊಳೆತಿದ್ದು ಎರಡೂ ಸೇರಿ.

ಈಗ ಫ್ಲೋರೈಡ್ ಎಲ್ಲಿಂದ ಬಂತು. ಗ್ರಾನೈಟಲ್ಲಿ ಮಿಣಮಿಣ ಅನ್ನೋ ಕರೀ ಹಾಳೆ ಥರದ ಹರಳು ನೋಡಿರ್ತೀರ, ನಮ್ಮ ಕಡೆ ಕಾಗೆಬಂಗಾರ ಅಂತಾರೆ, ಅದರ ಕರೀ ಜಾತಿಗೆ ಬಯೊಟೈಟ್ ಅಂತ ಹೆಸರು. ಅದರ ಹಾಳೆಗಳ ಒಳಗೆ ಹೈಡ್ರಾಕ್ಸಿಲ್ ಅನ್ನೋ ಜೋಡಿ, ಒಂದು ಆಕ್ಸಿಜನ್ ಒಂದು ಹೈಡ್ರೋಜನ್, ಕೂರೋಕೆ ಜಾಗ ಇದೆ. ಫ್ಲೋರೈಡ್ ಅಯಾನಿನ ಗಾತ್ರ, ಚಾರ್ಜು ಎರಡೂ ಹೈಡ್ರಾಕ್ಸಿಲ್ ಥರಾನೇ, ಹಾಗಾಗಿ ಕರಗಿದ ಬಂಡೆ ತಣ್ಣಗಾಗಿ ಹರಳು ಕಟ್ಟೋವಾಗ ಅದರ ಸೀಟಲ್ಲಿ ಇದೂ ಕೂತ್ಕೊಂಡು ಬಿಡುತ್ತೆ. ರಾಮನಗರದಿಂದ ತುಮಕೂರು ದಾಟಿ ಪಾವಗಡದ ಕಡೆಗೆ ಹಾದು ಉತ್ತರಕ್ಕೆ ಹೋಗೋ ಗ್ರಾನೈಟ್ ಪಟ್ಟಿ ಇದೆಯಲ್ಲ, ರಾಮನಗರದ ಹಳೇ ಹೆಸರಲ್ಲಿ ಕ್ಲೋಸ್‌ಪೇಟ್ ಗ್ರಾನೈಟ್ ಅಂತಾರೆ, ಅದು ಹರಳು ಕಟ್ಟಿದ್ದು ಸುಮಾರು 250 ಕೋಟಿ ವರ್ಷದ ಹಿಂದೆ. ಅವತ್ತು ಕೂತ ಫ್ಲೋರೈಡು ಇವತ್ತು ಎದ್ದು ಬರ್ತಿದೆ. ಯಾಕೆ ಏಳುತ್ತೆ ಅಂದ್ರೆ ಪಿಎಚ್ ಏರಿದ ನೀರಲ್ಲಿ ಹೈಡ್ರಾಕ್ಸಿಲ್ ಜಾಸ್ತಿ, ಅದು ಬಂದು ಸೀಟು ನಂದು ಏಳು ಅನ್ನುತ್ತೆ. ಬಯೊಟೈಟ್ ಜೊತೆ ಅಪಟೈಟ್ ಅನ್ನೋ ಖನಿಜದಲ್ಲೂ, ಫ್ಲೋರೈಟ್ ಅನ್ನೋದರಲ್ಲೂ ಇರುತ್ತೆ. ಅಪಟೈಟ್ ಹೆಸರು ನೆನಪಿಟ್ಕೊಳ್ಳಿ, ನಮ್ಮ ಹಲ್ಲು ಮೂಳೆ ಆಗಿರೋದೂ ಅದೇ ಕುಟುಂಬದ ಖನಿಜದಿಂದ. ಬಂಡೇಲಿ ಹೈಡ್ರಾಕ್ಸಿಲ್ ಬಂದು ಫ್ಲೋರೈಡನ್ನ ಎಬ್ಬಿಸಿದ್ರೆ ಬಾಯಲ್ಲಿ ಫ್ಲೋರೈಡ್ ಬಂದು ಹೈಡ್ರಾಕ್ಸಿಲನ್ನ ಎಬ್ಬಿಸುತ್ತೆ. ಸ್ವಲ್ಪ ಆದ್ರೆ ಹಲ್ಲು ಗಟ್ಟಿ, ಅದಕ್ಕೇ ಟೂತ್‌ಪೇಸ್ಟಲ್ಲಿ ಹಾಕೋದು. ಬೆಳೆಯೋ ಹಲ್ಲಿಗೆ ದಿನಾ ಜಾಸ್ತಿ ಹೋದ್ರೆ ಎನಾಮಲ್ ಸರಿಯಾಗಿ ಬಲಿಯೋದೇ ಇಲ್ಲ, ಒಳಗೆ ತೂತುತೂತಾಗಿ ಉಳಿದು ಆಮೇಲೆ ಬಣ್ಣ ಹೀರುತ್ತೆ.

ಇಷ್ಟಾದ್ರೂ ಕ್ಯಾಲ್ಸಿಯಂ ಇದ್ದಿದ್ರೆ ನಾವು ಬಚಾವ್. ಕ್ಯಾಲ್ಸಿಯಮ್ಮಿಗೂ ಫ್ಲೋರೈಡಿಗೂ ಒಟ್ಟಿಗೆ ನೀರಲ್ಲಿ ಜಾಸ್ತಿ ಇರೋಕೆ ಆಗಲ್ಲ, ಫ್ಲೋರೈಟ್ ಖನಿಜವಾಗಿ ಕೆಳಗೆ ಕೂತ್ಬಿಡುತ್ತೆ. ಎಷ್ಟು ಅಂತ ಲೆಕ್ಕ ಹಾಕಬಹುದು. 25 ಡಿಗ್ರೀಲಿ ಫ್ಲೋರೈಟಿನ ಕರಗುವ ಗುಣಲಬ್ಧ, ಅಂದ್ರೆ ನೀರು ಇವೆರಡನ್ನೂ ಒಟ್ಟಿಗೆ ಎಷ್ಟು ಹಿಡಿದಿಡುತ್ತೆ ಅನ್ನೋ ಮಿತಿ, ಸುಮಾರು ಹತ್ತರ ಘಾತ ಮೈನಸ್ 10.6, ಇದು ಕ್ಯಾಲ್ಸಿಯಂ ಮೋಲ್ ಇಂಟು ಫ್ಲೋರೈಡ್ ಮೋಲ್‌ನ ವರ್ಗ. ಬಾವಿಯ 104 ಮಿಲಿಗ್ರಾಂ ಕ್ಯಾಲ್ಸಿಯಂ ಹಾಕಿ ನೋಡಿದ್ರೆ ಆ ನೀರು ತಡ್ಕೊಳ್ಳೋ ಫ್ಲೋರೈಡು ಬರೀ 1.9 ಮಿಲಿಗ್ರಾಂ ಆಸುಪಾಸು, ಬಂಡೇಲಿ ಎಷ್ಟೇ ಇರಲಿ, ಅದಕ್ಕಿಂತ ಮೇಲೆ ಏರೋಕೆ ಕ್ಯಾಲ್ಸಿಯಂ ಬಿಡಲ್ಲ. ಬೋರಿನ 16 ಮಿಲಿಗ್ರಾಂ ಹಾಕಿದ್ರೆ ಆ ಮಿತಿ 4.8ಕ್ಕೆ ಹೋಗುತ್ತೆ. ನಮ್ಮ ಬೋರು 4.1ಕ್ಕೆ ಬಂದು ನಿಂತಿದೆ, ಛಾವಣಿ ಮುಟ್ಟೋಕೆ ಒಂದು ಗೇಣು ಬಾಕಿ. ಇದು ಒರಟು ಲೆಕ್ಕ, ಉಪ್ಪು ಜಾಸ್ತಿ ಇರೋ ನೀರಲ್ಲಿ ಮಿತಿ ಇನ್ನೂ ಸ್ವಲ್ಪ ಮೇಲೆ ಹೋಗುತ್ತೆ, ಆದ್ರೆ ಕಥೆ ಅರ್ಥ ಆಗೋಕೆ ಸಾಕು. ಮೊದಲ ಸಲ ಈ ಲೆಕ್ಕ ಬರೆದು ಉತ್ತರ ರಿಪೋರ್ಟಿನ ಅಂಕಿ ಪಕ್ಕ ಬಂದು ನಿಂತಾಗ ಖುಷಿ ಆಯ್ತು ಅಂತ ಹೇಳೋಕೆ ನಾಚಿಕೆ, ಮನೆ ನೀರಿನ ವಿಷ ಅದು.

ಈಗ ಅಜ್ಜಿಯ ಬೇಳೆಗೆ ಬರೋಣ. ಬೇಳೆಯ ಕಣಗಳನ್ನ ಒಂದಕ್ಕೊಂದು ಹಿಡಿದಿಡೋದು ಪೆಕ್ಟಿನ್ ಅನ್ನೋ ಅಂಟು. ಕ್ಯಾಲ್ಸಿಯಂ ಇರೋ ನೀರಲ್ಲಿ ಆ ಅಂಟು ಇನ್ನೂ ಬಿಗಿಯಾಗುತ್ತೆ, ಎಷ್ಟು ವಿಸಿಲ್ ಕೂಗಿಸಿದ್ರೂ ಬೇಳೆ ಕಾಳುಕಾಳಾಗೇ ಇರುತ್ತೆ. ಕ್ಯಾಲ್ಸಿಯಂ ಇಲ್ಲದೆ ಸೋಡಿಯಂ ಬೈಕಾರ್ಬನೇಟ್ ಇರೋ ನೀರಲ್ಲಿ ಅಂಟು ಬಿಟ್ಕೊಳ್ಳುತ್ತೆ. ಸೋಡಿಯಂ ಬೈಕಾರ್ಬನೇಟ್ ಅಂದ್ರೆ ಏನು, ಅಡುಗೆ ಸೋಡಾ ಅಲ್ವಾ! ಲೆಕ್ಕ ಹಾಕಿದ್ರೆ ನಮ್ಮ ಬೋರಿನ ಒಂದು ಲೀಟರಲ್ಲಿ ಹತ್ರಹತ್ರ ಅರ್ಧ ಗ್ರಾಂ ಅಡುಗೆ ಸೋಡಾದಷ್ಟು ಕರಗಿದೆ, ಒಂದು ಚಿಟಿಕೆ. ಅಜ್ಜಿ ಹನ್ನೆರಡು ವರ್ಷ ನೆಲವೇ ಸೋಡಾ ಹಾಕಿ ಕೊಟ್ಟ ನೀರಲ್ಲಿ ಸಾರು ಮಾಡ್ತಿದ್ಲು. ಇದನ್ನ ಅವಳಿಗೆ ಹೇಳಿದಾಗ ಸಿಟ್ಟು ಬಂತು, ಸಿಟ್ಟು ಬಂದ್ರೆ ಅವಳು ತೆಲುಗಿಗೆ ಹೋಗ್ತಾಳೆ, ಅದನ್ನ ಇಲ್ಲಿ ಬರೆಯೋದು ಬೇಡ. ಆಮೇಲೆ ಸಮಾಧಾನ ಆಗಿ "ಹಂಗಾದ್ರೆ ಬೇಳೆ ಬೇಯದೇ ಇರೋ ನೀರು ಕುಡೀಬೇಕೇನೋ ಮಗ?" ಅಂತ ಕೇಳಿದ್ಲು. ನ್ಯಾಯವಾದ ಪ್ರಶ್ನೆ. ಗಡಸು ನೀರೆಲ್ಲ ಒಳ್ಳೇದು ಅಂತ ಅಲ್ಲ ಅಜ್ಜಿ, ನಮ್ಮ ಈ ಬಂಡೆ ಸೀಮೇಲಿ ಆಳದ ನೀರು ಮೆತ್ತಗೆ, ಸಿಹಿ ಅನ್ನಿಸಿದ್ರೆ ಅನುಮಾನ ಪಡಬೇಕು ಅಷ್ಟೇ ಅಂದೆ.

ಅಪ್ಪನಿಗೆ ಇದು ಅರ್ಥ ಆಗಿದ್ದು ಕಡ್ಲೆಕಾಯಿಂದ. ಬೋರು ನೀರು ಬಿಟ್ಟ ಮಡಿಗಳಲ್ಲಿ ಮಣ್ಣು ಒಣಗಿದ್ರೆ ಮೇಲೆ ಹಪ್ಪಳ ಕಟ್ಟಿದ ಹಾಗೆ ಗಟ್ಟಿ ಆಗೋದು, ನೀರು ಕೆಳಗೆ ಇಳೀದೆ ನಿಲ್ಲೋದು, ಕಿತ್ತಾಗ ಜೊಳ್ಳು ಕಾಯಿ ಜಾಸ್ತಿ. ತಾಳೆ ನೋಡಿದಾಗ ಭಾಗಿಸಿ ಬಂದ ಅಂಕಿಗಳಲ್ಲೇ ಬೈಕಾರ್ಬನೇಟಲ್ಲಿ ಕ್ಯಾಲ್ಸಿಯಂ ಮೆಗ್ನೀಷಿಯಂ ಕಳೆದು ಮಿಕ್ಕಿದ್ದು ಎಷ್ಟು ಅಂತ ನೀರಾವರಿಯವರು ನೋಡ್ತಾರೆ, 2.5 ದಾಟಿದ್ರೆ ಬೆಳೆಗೆ ಬೇಡ ಅಂತಾರೆ, ನಮ್ಮದು 5.4. ಮಣ್ಣಲ್ಲಿದ್ದ ಕ್ಯಾಲ್ಸಿಯಮನ್ನೂ ಈ ನೀರು ಸುಣ್ಣಕಲ್ಲು ಮಾಡಿ ಕೂರಿಸಿ ಸೋಡಿಯಂ ತುಂಬುತ್ತೆ, ಕಡ್ಲೆಕಾಯಿಗೋ ಕಾಳು ತುಂಬೋಕೆ ಕ್ಯಾಲ್ಸಿಯಂ ಕಾಯಿ ಸುತ್ತ ಇರೋ ಮಣ್ಣಿಂದಾನೇ ನೇರವಾಗಿ ಬೇಕು, ಅದಕ್ಕೇ ಹೂವಿನ ಹೊತ್ತಿಗೆ ಜಿಪ್ಸಂ ಹಾಕಿ ಅಂತ ಕೃಷಿ ಇಲಾಖೆಯವರು ಮೊದಲಿಂದ ಹೇಳೋದು. ಹಲ್ಲಿನ ಪಟ್ಟೇನೂ ಜೊಳ್ಳು ಕಾಯೀನೂ ಒಂದೇ ಬೋರಿನ ಎರಡು ಕೊಂಬೆ ಅಂದಾಗ ಅಪ್ಪ ಸುಮ್ಮನೆ ತಲೆ ಆಡಿಸಿದ್ರು.

ಊರಲ್ಲಿ ಬೇರೆ ಮಾತುಗಳೂ ಇದ್ವು. ಸೋಲಾರ್ ಬಂದ್ಮೇಲೆ ನೀರು ಕೆಟ್ಟಿದ್ದು ಅಂತ ಕೆಲವರು. ತಿರುಮಣಿ ಸುತ್ತ 13 ಸಾವಿರ ಎಕರೇಲಿ 2,050 ಮೆಗಾವ್ಯಾಟಿನ ಪಾರ್ಕ್ ಬಂದಿದೆಯಲ್ಲ ಅದು. ಆದ್ರೆ ಅಲ್ಲಿ ಕರೆಂಟು ಶುರುವಾಗಿದ್ದು 2018ರಲ್ಲಿ, ನಮ್ಮ ಹುಡುಗಿಯ ಹಲ್ಲು ದವಡೆ ಒಳಗೆ ಕೆಟ್ಟಿದ್ದು ಅದಕ್ಕೂ ಮುಂಚೆ. ಗೊಬ್ಬರದಿಂದ ಬಂತು ಅಂತ ಇನ್ನು ಕೆಲವರು. ರಂಜಕದ ಗೊಬ್ಬರದಲ್ಲಿ ಫ್ಲೋರೈಡ್ ಒಂಚೂರು ಇರೋದು ನಿಜ, ಆದ್ರೆ ಮೇಲಿಂದ ಇಳಿದಿದ್ರೆ 42 ಅಡಿ ಬಾವೀಲಿ ಜಾಸ್ತಿ ಇರಬೇಕಿತ್ತು, ಇಲ್ಲಿ ಉಲ್ಟಾ. ಮೇಲಿಂದ ಇಳಿದಿದ್ದು ನೈಟ್ರೇಟು, ನೋಡಿ ಅದು ಬಾವೀಲೇ 72 ಇದೆ, ಬೋರಲ್ಲಿ 8. ನಮ್ಮ ತಿಪ್ಪೆ ಬಾವಿಯಿಂದ ಇಪ್ಪತ್ತು ಹೆಜ್ಜೆ, ದನದ ಕೊಟ್ಟಿಗೆ ಅದರ ಪಕ್ಕ. ನೈಟ್ರೇಟಿಗೆ ಮಿತಿ 45, ಅದರಲ್ಲಿ ರಿಯಾಯಿತಿ ಇಲ್ಲ, ಹಸುಗೂಸಿಗೆ ಹಾಲುಪುಡಿ ಕಲಸೋಕಂತೂ ಆಗಲ್ಲ. ಹಾಗಾಗಿ ಹಳೇ ಬಾವೀನ ಅಮೃತ ಅನ್ನೋ ಹಾಗಿಲ್ಲ, ಅದರ ಕೊಳೆ ನಾವು ಹಾಕಿದ್ದು, ಬೋರಿನದು ಬಂಡೆ ಹಾಕಿದ್ದು. ಭಾರತದಲ್ಲಿ ಫ್ಲೋರೈಡಿನ ಈ ಕಾಯಿಲೆ ಮೊದಲು ಗುರುತಾಗಿದ್ದು 1937ರಲ್ಲಿ ನೆಲ್ಲೂರು ಜಿಲ್ಲೇಲಿ, ಯೂರಿಯಾ ಚೀಲ ಊರೂರಿಗೆ ಬರೋಕೆ ಎಷ್ಟೋ ವರ್ಷ ಮುಂಚೆ.

ನನಗೆ ಸ್ವಲ್ಪ ದಿನ ಒಗಟಾಗಿದ್ದು ಮಾವನ ಬೋರು. ನಮ್ಮದರಿಂದ ಇನ್ನೂರು ಮೀಟರ್ ಇಲ್ಲ, ಆಳ 580 ಅಡಿ, ಹೆಚ್ಚುಕಮ್ಮಿ ಒಂದೇ. ಜಲಜೀವನ್ ಮಿಷನ್ನಿನ ಕಿಟ್ ಊರ ಹೆಣ್ಣುಮಕ್ಕಳಿಗೆ ಕೊಟ್ಟಿದ್ರಲ್ಲ, ಅದರಲ್ಲಿ ನಮ್ಮ ನೀರಿಗೆ ಔಷಧಿ ಹಾಕಿದ್ರೆ ಗುಲಾಬಿ ಬಣ್ಣ ಪೂರ್ತಿ ಹೋಗಿ ಹಳದಿ, ಮಾವನದಕ್ಕೆ ಹಾಕಿದ್ರೆ ಗುಲಾಬಿ ಹಾಗೇ ನಿಂತ್ಕೋತು. ಲ್ಯಾಬಲ್ಲಿ ಮಾಡಿಸಿದ್ರೆ 1.2. ಒಂದು ಭಾನುವಾರ ಇಬ್ಬರ ಹೊಲದ ಮಧ್ಯೆ ನಡೆದು ನೋಡ್ದೆ, ಬದುವಿಗೆ ಅಡ್ಡಲಾಗಿ ಕರೀ ಗುಂಡುಕಲ್ಲಿನ ಸಾಲು, ಚಿಕ್ಕಂದಿಂದ ಅದರ ಮೇಲೆ ಹತ್ತಿ ಇಳಿದಿದೀನಿ, ಯಾವತ್ತೂ ಯೋಚನೆ ಮಾಡಿರ್ಲಿಲ್ಲ. ಅದು ಡೈಕು, ಗ್ರಾನೈಟು ಸೀಳಿದಾಗ ಕೆಳಗಿಂದ ನುಗ್ಗಿ ಗಟ್ಟಿಯಾದ ಕರಿಕಲ್ಲಿನ ಗೋಡೆ. ನೆಲದಡಿ ಅದು ಕಟ್ಟೆ ಥರ ನೀರನ್ನ ಎರಡು ಭಾಗ ಮಾಡುತ್ತೆ. ಮಾವನ ಕಡೆ ಕೆರೆ ಇದೆ, ಕೆರೆ ತುಂಬಿದಾಗೆಲ್ಲ ಆ ಕಡೆ ಬಿರುಕಿಗೆ ಹೊಸ ನೀರು, ಕ್ಯಾಲ್ಸಿಯಂ ಇರೋ ನೀರು ಇಳಿಯುತ್ತೆ. ನಮ್ಮ ಕಡೆಗೆ ಅದು ದಾಟಲ್ಲ, ನಮ್ಮದು ನಿಂತ ನೀರು, ಬಂಡೆ ಜೊತೆ ತುಂಬ ವರ್ಷ ಸಂಸಾರ ಮಾಡಿದ ನೀರು. ಅದಕ್ಕೇ ಊರಲ್ಲಿ ಒಂದು ಬೋರ್ ಟೆಸ್ಟ್ ಮಾಡಿ ಊರಿನ ನೀರು ಹೀಗೆ ಅಂತ ಹೇಳೋಕೆ ಬರಲ್ಲ.

ಆಮೇಲೆ ಏನು ಮಾಡಿದ್ವಿ ಅಂದ್ರೆ, ಮೊದಲು ಕಾಯಿಸಿ ಕುಡಿಯೋದು ಬಿಡಿಸಿದೆ, ಕಾಯಿಸಿದ್ರೆ ನೀರು ಆವಿ ಆಗಿ ಫ್ಲೋರೈಡ್ ಇನ್ನೂ ಗಟ್ಟಿ ಆಗುತ್ತೆ ಹೊರತು ಹೋಗಲ್ಲ, ಕ್ಯಾಂಡಲ್ ಫಿಲ್ಟರಲ್ಲೂ ಹೋಗಲ್ಲ. ಊರ ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ಕಾಯಿನ್ ಹಾಕಿದ್ರೆ ಇಪ್ಪತ್ತು ಲೀಟರ್ ಬರುತ್ತೆ, ಆರ್‌ಒ ನೀರು, ಅದು ಫ್ಲೋರೈಡ್ ತೆಗೆಯುತ್ತೆ. ಆದ್ರೆ ಎಲ್ಲರ ಮನೇಲೂ ಮಾಡೋ ತಪ್ಪು, ಕುಡಿಯೋಕೆ ಕ್ಯಾನ್ ನೀರು, ಅಡುಗೆಗೆ ಬೋರ್ ನೀರು, ಯಾಕಂದ್ರೆ ಬೇಳೆ ಚೆನ್ನಾಗಿ ಬೇಯುತ್ತಲ್ಲ! ಅನ್ನ, ಸಾರು, ಮುದ್ದೆ, ಕಾಫಿ ಎಲ್ಲ ಸೇರಿದ್ರೆ ಅಡುಗೆ ನೀರೇ ಹೊಟ್ಟೆಗೆ ಹೋಗೋದರಲ್ಲಿ ದೊಡ್ಡ ಪಾಲು. ಅತ್ತಿಗೆ ಈಗ ಎರಡಕ್ಕೂ ಕ್ಯಾನೇ ಬಳಸ್ತಾಳೆ. ಘಟಕದಿಂದ ಹೊರಗೆ ಬಿಡೋ ವೇಸ್ಟ್ ನೀರು ಚರಂಡೀಲಿ ಹರಿದು ಹೋಗುತ್ತೆ, ತೆಗೆದ ಫ್ಲೋರೈಡೆಲ್ಲ ಅದರಲ್ಲೇ, ಅದರ ಬಗ್ಗೆ ಪಂಚಾಯ್ತೀಲಿ ಎರಡು ಸಲ ಕೇಳಿ ಸುಮ್ಮನಾದೆ. ತಾರಸಿ ಮಳೆನೀರು ಸಂಪಿಗೆ ಬಿಟ್ವಿ. ತಿಪ್ಪೇನ ಹೊಲದ ಆ ತುದಿಗೆ ಸಾಗಿಸಿ, ಬಾವಿ ಪಕ್ಕ ಗುಂಡಿ ತೋಡಿ ಜಲ್ಲಿ ಮರಳು ತುಂಬಿ ಹೊಲದ ಹರಿವು ಅದಕ್ಕೆ ತಿರುಗಿಸಿದ್ವಿ. 2021, 2022ರಲ್ಲಿ ಒಳ್ಳೇ ಮಳೆ ಆಯ್ತಲ್ಲ, ಬಾವಿ ಅರ್ಧಕ್ಕೆ ಬಂತು, ನೈಟ್ರೇಟು 40ಕ್ಕೆ ಇಳೀತು. ಬೋರಲ್ಲಿ ಮಾತ್ರ ಅಷ್ಟೆಲ್ಲ ಮಳೆ ಬಂದ್ರೂ ಫ್ಲೋರೈಡು 4.1 ಇದ್ದಿದ್ದು 3.8. ಕೆಳಗಿನ ನೀರಿಗೆ ಮೇಲಿನ ಸುದ್ದಿ ಇನ್ನೂ ಮುಟ್ಟಿಲ್ಲ.

ಬಾಕಿ ಇರೋದು ಯುರೇನಿಯಂ. ರಾಜ್ಯದ ಪೂರ್ವದ ಜಿಲ್ಲೆಗಳ ಗ್ರಾನೈಟ್ ಬೋರುಗಳಲ್ಲಿ ಅದೂ ವರದಿಯಾಗಿದೆ, ಇದೇ ಥರ ಬೈಕಾರ್ಬನೇಟ್ ಜಾಸ್ತಿ ಇರೋ ನೀರಲ್ಲಿ ಅದು ಕಾರ್ಬನೇಟ್ ಜೊತೆ ಜೋಡಿ ಕಟ್ಕೊಂಡು ಕರಗೇ ಉಳಿಯುತ್ತೆ, ಮಿತಿ ಲೀಟರಿಗೆ 0.03 ಮಿಲಿಗ್ರಾಂ. ನಾವಿನ್ನೂ ಮಾಡಿಸಿಲ್ಲ, ಮಾಡಿಸಬೇಕು.

ಅಜ್ಜಿ ಈಗ ಕ್ಯಾನ್ ನೀರು ಸಪ್ಪೆ ಅಂತ ಬೈಕೊಂಡೇ ಕುಡೀತಾಳೆ, ಬಾವಿ ನೀರಲ್ಲಿ ಬೇಳೆ ಇಟ್ಟ ದಿನ ಯಾರಿಗೂ ಕಾಣದ ಹಾಗೆ ಚಿಟಿಕೆ ಸೋಡಾ ಹಾಕ್ತಾಳೆ. ಅಣ್ಣನ ಎರಡನೇ ಮಗ 2018ರಲ್ಲಿ ಹುಟ್ಟಿದ್ದು, ಬೋರು ನೀರು ಬಿಡಿಸಿದಾಗ ಅವನಿಗೆ ಎರಡು ವರ್ಷ. ಹಲ್ಲು ತಯಾರಾಗೋದು ತುದಿಯಿಂದ ಬುಡದ ಕಡೆಗೆ. ಈ ವರ್ಷ ಅವನ ಮೇಲಿನ ಮುಂದಿನ ಎರಡು ಹಲ್ಲು ಬಂದ್ವು, ಅತ್ತಿಗೆ ಫೋಟೋ ತೆಗೆದು ವಾಟ್ಸಾಪ್ ಮಾಡಿದ್ಲು, ಜೂಮ್ ಮಾಡಿ ನೋಡ್ದೆ: ತುದೀಲಿ ಬಿಳೀ ಮೋಡದ ಥರ ಎರಡು ಮೂರು ಚುಕ್ಕೆ, ಅಲ್ಲಿಂದ ಒಸಡಿನ ತನಕ ಸ್ವಚ್ಛ.